ಹೆಬ್ಬಾತಿನ ತವರಿಗೆ ಹೋಗಿ ಬಂದೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಶಿಕ್ಷಣ ಮತ್ತು ಪರಿಸರ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಈ ವಿಷಯದ ಮೇಲೆ ದೊಡ್ಡ ದೊಡ್ಡ ಮಾತುಗಳನ್ನು ನೀವು ಸಾಕಷ್ಟು ಕೇಳಿದ್ದೀರಿ. ಆದ್ದರಿಂದ ನಾನು ಉಪದೇಶ ಮಾಡಲು ಹೋಗುವುದಿಲ್ಲ. ನಾನು ಮಾಡಿದ ಒಂದು ಪ್ರವಾಸದ ಕಥೆಯನ್ನೂ, ಆ ಪ್ರವಾಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಿವೃತ್ತಿಯಾದ ಮೇಲೆ ಕಲಿತ ಪಾಠ ಅದು.

ನಾನು ಗದಗ ಜಿಲ್ಲೆಯವನು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಪ್ರತಿ ವರ್ಷ ಚಳಿಗಾಲದಲ್ಲಿ ಆ ಕೆರೆಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಮಿಸುತ್ತವೆ. ನಾನು ಸಣ್ಣವನಿದ್ದಾಗ ನಮ್ಮಪ್ಪ ಕಡಲೆ ಹೊಲದಲ್ಲಿ ಡಬ್ಬಿ ಬಾರಿಸಿ ಅವುಗಳನ್ನು ಓಡಿಸುತ್ತಿದ್ದರು. “ಇವು ಎಲ್ಲಿಂದ ಬರುತ್ತಾವಪ್ಪಾ?” ಎಂದು ಕೇಳಿದರೆ, “ಉತ್ತರದಿಂದ. ಅಲ್ಲಿ ಹಿಮ ಬಿದ್ದರ ಅವಕ್ಕ ಉಣ್ಣಾಕ ಸಿಗಂಗಿಲ್ಲ, ನಮ್ಮ ಹೊಲಕ್ಕ ಬರ್ತಾವು” ಎನ್ನುತ್ತಿದ್ದರು. ಆ ಉತ್ತರವೇ ನನ್ನ ತಲೆಯಲ್ಲಿ ಐವತ್ತು ವರ್ಷ ಕುಳಿತಿತ್ತು. ನಿವೃತ್ತಿಯ ಹಣ ಕೈಗೆ ಬಂದಾಗ ನಾಲ್ವರು ಗೆಳೆಯರೊಂದಿಗೆ ಲಡಾಖ್‌ಗೆ ಹೊರಟೆ.

ಇಂಥ ಪ್ರವಾಸದ ಮಾತು ಬಂದಾಗ ಡಾ. ಸಲೀಂ ಅಲಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಬಣ್ಣವಿತ್ತು. ಇದು ಯಾವ ಗುಬ್ಬಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದರು. ಆ ಒಂದು ಪ್ರಶ್ನೆ ಅವರ ಬದುಕನ್ನೇ ತಿರುಗಿಸಿತು. ನಮ್ಮ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದರ ಹಿಂದೆಯೂ ಅವರ ಒತ್ತಾಸೆಯಿತ್ತು. 1945ರಲ್ಲಿ ಕೈಲಾಸ ಮಾನಸ ಸರೋವರದವರೆಗೆ ಹಕ್ಕಿಗಳನ್ನು ನೋಡುತ್ತಾ ಹೋಗಿ ಬಂದರು. ನನ್ನ ಚೀಲದಲ್ಲಿ ಅವರು ಬರೆದ ಪುಸ್ತಕವೊಂದಿತ್ತು. ಆದರೆ ಅವರ ತಾಳ್ಮೆಯನ್ನು ನಾನು ಮನೆಯಲ್ಲೇ ಬಿಟ್ಟು ಹೋಗಿದ್ದೆ ಎಂದು ಆಮೇಲೆ ತಿಳಿಯಿತು.

ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಿಂದ ಇಳಿದವರು ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಇಲ್ಲದಿದ್ದರೆ ತಲೆನೋವು, ವಾಂತಿ, ಕೆಲವೊಮ್ಮೆ ಪ್ರಾಣಾಪಾಯ. ಮೂರನೆಯ ದಿನ ಸಿಂಧೂ ನದಿಯ ದಂಡೆ ಹಿಡಿದು ಪೂರ್ವಕ್ಕೆ ಹೊರಟೆವು. ಉಪ್ಶಿ, ಚುಮಾಥಾಂಗ್, ನ್ಯೋಮಾ ದಾಟಿ ಹಾನ್ಲೆ ತಲುಪಿದೆವು. ಇದೇ ಚಾಂಗ್‌ಥಾಂಗ್, ಟಿಬೆಟ್ಟಿನ ಮಹಾ ಪ್ರಸ್ಥಭೂಮಿಯ ನಮ್ಮ ಕಡೆಯ ಅಂಚು. ಮರವೆಂಬುದಿಲ್ಲ. ಬೋಳು ಬೆಟ್ಟ, ಅಗಲವಾದ ಬಯಲು, ನಡುನಡುವೆ ಹಸಿರು ಜೌಗು, ಉಪ್ಪಿನ ಸರೋವರ. ಪಶ್ಮೀನಾ ಉಣ್ಣೆಯ ಆಡುಗಳನ್ನು ಮೇಯಿಸುವ ಚಾಂಗ್‌ಪಾ ಜನರು ಯಾಕ್ ಕೂದಲಿನಿಂದ ನೇಯ್ದ ಡೇರೆಗಳಲ್ಲಿ ವಾಸಿಸುತ್ತಾರೆ. ದೂರದಲ್ಲಿ ಕಾಡುಕತ್ತೆಗಳ ಹಿಂಡು.

ಹಾನ್ಲೆಯ ಗುಡ್ಡದ ಮೇಲೆ ಒಂದು ದೊಡ್ಡ ದೂರದರ್ಶಕವಿದೆ. ಅದನ್ನು ನಡೆಸುವವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತೇ ಅದನ್ನು ತಿರುಗಿಸುತ್ತಾರೆ. ನಕ್ಷತ್ರ ನೋಡುವವರು ಅಷ್ಟು ದೂರದಲ್ಲಿದ್ದೇ ನೋಡುತ್ತಾರಲ್ಲ ಎಂದು ನಾವು ತಮಾಷೆ ಮಾಡಿದೆವು. ಆ ತಮಾಷೆಯ ಅರ್ಥ ನನಗೆ ಎರಡು ದಿನಗಳ ನಂತರ ಆಯಿತು.

ಹಾನ್ಲೆಯಿಂದ ಹಿಂದಿರುಗುವಾಗ ಪೂಗಾದ ಬಿಸಿನೀರಿನ ಬುಗ್ಗೆಗಳನ್ನು ನೋಡಿ, ಪೊಲೊಕೊಂಗ್ಕಾ ಕಣಿವೆ ದಾಟಿ ತ್ಸೋ ಕಾರ್ ಸರೋವರಕ್ಕೆ ಬಂದೆವು. ಎತ್ತರ 4,500 ಮೀಟರಿಗೂ ಹೆಚ್ಚು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಐದರಲ್ಲಿ ಮೂರು ಪಾಲು ಮಾತ್ರ. ಇಪ್ಪತ್ತು ಹೆಜ್ಜೆ ನಡೆದರೆ ನಾನು ನಿಂತು ಏದುಸಿರು ಬಿಡುತ್ತಿದ್ದೆ. ಪಕ್ಕದ ಸಿಹಿನೀರಿನ ಸರೋವರದ ದಡದಲ್ಲಿ ನನ್ನ ಬಾಲ್ಯದ ಹೆಬ್ಬಾತುಗಳು ಕಂಡವು! ಒಂದು ತಾಯಿಯ ಹಿಂದೆ ಮೂರು ಹಳದಿ ಮರಿಗಳು. ನಮ್ಮೂರಿನಲ್ಲಿ ಈ ಹಕ್ಕಿಯ ಮರಿಯನ್ನು ಯಾರೂ ಕಂಡವರಿಲ್ಲ. ನನ್ನ ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಇವೇ ಮಾಗಡಿಗೆ ಬರುವ ಹಕ್ಕಿಗಳೆಂದು ನಾನು ಹೇಳಲಾರೆ. ಮಂಗೋಲಿಯಾದಲ್ಲಿ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಎಲ್ಲಿಂದ ಬಂದರೂ ಅವು ಹಿಮಾಲಯವನ್ನು ದಾಟಿಯೇ ಬರಬೇಕು. ವಿಜ್ಞಾನಿಗಳು ಹಕ್ಕಿಗಳಿಗೆ ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಅದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಶ್ವಾಸಕೋಶವೂ ದೊಡ್ಡದು. ಒಂದೇ ಸಮನೆ ಮೇಲಕ್ಕೇರಿ ಹಾರುವುದಿಲ್ಲ. ಬೆಟ್ಟ ಬಂದಲ್ಲಿ ಏರಿ, ಕಣಿವೆ ಬಂದಲ್ಲಿ ಇಳಿದು, ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ನಾನು ಇಪ್ಪತ್ತು ಹೆಜ್ಜೆಗೆ ಸೋತ ಜಾಗಕ್ಕಿಂತ ಎಷ್ಟೋ ಮೇಲೆ ಅದು ರೆಕ್ಕೆ ಬಡಿಯುತ್ತಾ ಹೋಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ಅದೇ ಜೌಗಿನಲ್ಲಿ ಒಂದು ಜೋಡಿ ಕಪ್ಪು ಕೊರಳಿನ ಕ್ರೌಂಚಗಳಿದ್ದವು. ಇದು ನಮ್ಮ ಕೆರೆಯ ಕೊಕ್ಕರೆಯಲ್ಲ. ನೆಲದಲ್ಲಿ ನಿಂತರೆ ಮಕ್ಕಳ ಎದೆಯೆತ್ತರದ ಹಕ್ಕಿ. ಕಪ್ಪು ತಲೆ, ಕಪ್ಪು ಕೊರಳು, ನೆತ್ತಿಯಲ್ಲಿ ಕೆಂಪು. ಜಗತ್ತಿನ ಹದಿನೈದು ಜಾತಿಯ ಕ್ರೌಂಚಗಳಲ್ಲಿ ವಿಜ್ಞಾನಕ್ಕೆ ಕೊನೆಯದಾಗಿ ಪರಿಚಯವಾದದ್ದು ಇದು. ರಷ್ಯದ ಅನ್ವೇಷಕ ಪ್ರೆಝ್ವಾಲ್‌ಸ್ಕಿ 1876ರಲ್ಲಿ ಇದನ್ನು ವರ್ಣಿಸಿದರು. ಇಂಥ ಎತ್ತರದ ಪ್ರಸ್ಥಭೂಮಿಯಲ್ಲೇ ಮರಿಮಾಡುವ ಕ್ರೌಂಚ ಇದೊಂದೇ. ಲಡಾಖ್ 2021ರಲ್ಲಿ ಇದನ್ನು ತನ್ನ ಅಧಿಕೃತ ಪಕ್ಷಿಯಾಗಿ ಘೋಷಿಸಿತು. ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು ತಿಂಗಳಿಗೂ ಹೆಚ್ಚು ಕಾಲ ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ.

ರಸ್ತೆಯಿಂದ ದುರ್ಬೀನಿನಲ್ಲಿ ಹಕ್ಕಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನನಗೆ ಫೋಟೋ ಬೇಕಿತ್ತು, ಊರಿಗೆ ಹೋಗಿ ತೋರಿಸಬೇಕಿತ್ತು. ಗೆಳೆಯರು ಚಹಾ ಕುಡಿಯುತ್ತಿದ್ದಾಗ ಕ್ಯಾಮೆರಾ ಹಿಡಿದು ಜೌಗಿಗೆ ಇಳಿದೆ. ನೂರು ಹೆಜ್ಜೆ ಹೋಗಿರಬಹುದು. ಹುಲ್ಲಿನಲ್ಲಿ ಕುಳಿತಿದ್ದ ಹಕ್ಕಿ ಎದ್ದು ದೂರ ನಡೆಯಿತು. ಅದರ ಜೊತೆಗಾರ ಕಹಳೆಯಂತೆ ಕೂಗತೊಡಗಿತು. ಆ ಕೂಗು ಕೇಳಿಯೋ ಏನೋ, ಎಲ್ಲಿಂದಲೋ ಎರಡು ನಾಯಿಗಳು ಜೌಗಿನತ್ತ ಓಡಿ ಬಂದವು. ನಾನು ಕಲ್ಲಿನಂತೆ ನಿಂತುಬಿಟ್ಟೆ. ನಮ್ಮ ಚಾಲಕ, ಅದೇ ಸೀಮೆಯ ನಡುವಯಸ್ಸಿನ ಮನುಷ್ಯ, ಗಾಡಿಯಿಂದ ಹಾರಿ ಕಿರುಚುತ್ತಾ ಕಲ್ಲು ತೂರುತ್ತಾ ನಾಯಿಗಳನ್ನು ಅಟ್ಟಿಕೊಂಡು ಹೋದ. ಹಿಂದಿರುಗಿ ಬಂದು ನನಗೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದ: “ಮಾಸ್ಟರ್‌ಜೀ, ನಿಮಗೆ ಇದು ಒಂದು ಫೋಟೋ. ಅದಕ್ಕೆ ಈ ವರ್ಷದ ಸಂಸಾರ ಪೂರ್ತಿ ಅಲ್ಲಿದೆ.”

ನಾವು ಗಾಡಿಯನ್ನು ದೂರ ಒಯ್ದು ಕಾದೆವು. ಶೀತಗಾಳಿ ಬೀಸುತ್ತಿತ್ತು. ಹಕ್ಕಿ ಗೂಡಿಗೆ ಮರಳಿ ಕೂರಲು ನಲವತ್ತು ನಿಮಿಷ ಹಿಡಿಯಿತು. ಆ ಚಳಿಯಲ್ಲಿ ಮೊಟ್ಟೆಗಳು ಉಳಿದವೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಫೋಟೋವನ್ನು ನಾನು ಯಾರಿಗೂ ತೋರಿಸಿಲ್ಲ.

ಆ ನಾಯಿಗಳನ್ನು ದೂರಿ ಫಲವಿಲ್ಲ. ಶಿಬಿರಗಳು, ಹೋಟೆಲುಗಳು, ಪ್ರವಾಸಿಗರು ಎಸೆದ ಅನ್ನ ರೊಟ್ಟಿಯಿಂದ ಅವುಗಳ ಸಂಖ್ಯೆ ಹೆಚ್ಚಿತು. ಪ್ರವಾಸಿಗರು ಇಲ್ಲದ ಕಾಲದಲ್ಲಿ ಹಸಿದ ನಾಯಿ ಎಲ್ಲಿಗೆ ಹೋಗಬೇಕು? ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ ಮರಿಗಳೇ ಅದಕ್ಕೆ ಸಿಗುವುದು. ಇಂದು ಲಡಾಖಿನ ಕ್ರೌಂಚಗಳಿಗಿರುವ ದೊಡ್ಡ ಅಪಾಯಗಳಲ್ಲಿ ಇದೂ ಒಂದು. ಎಳೆಯ ಸಲೀಂ ಅಲಿಯವರ ಕೈಯಲ್ಲಿ ಏರ್‌ಗನ್ ಇತ್ತು. ನನ್ನ ಕೈಯಲ್ಲಿದ್ದದ್ದು ಕ್ಯಾಮೆರಾ. ಗುಂಡು ಹಾರಿಸದೆಯೂ ಹಕ್ಕಿಯ ಮನೆ ಕೆಡಿಸಬಹುದು, ಪ್ರೀತಿಯಿಂದಲೂ ಕೆಡಿಸಬಹುದು ಎಂಬುದನ್ನು ನಾನು ಆ ಜೌಗಿನಲ್ಲಿ ಕಲಿತೆ.

ವಿದ್ಯಾರ್ಥಿ ಮಿತ್ರರೇ, ಹಕ್ಕಿ ನೋಡಲು ನೀವು ಲಡಾಖ್‌ಗೆ ಹೋಗಬೇಕಿಲ್ಲ. ಮಾಗಡಿ ಕೆರೆಗೆ ರಾಮ್ಸಾರ್ ಮಾನ್ಯತೆ ದೊರೆತು ಅದು ಜಗತ್ತಿನ ನಕ್ಷೆಯಲ್ಲಿ ಸೇರಿದೆ. ನಿಮ್ಮೂರಿನ ಕೆರೆಯೂ ಯಾವುದೋ ಹಕ್ಕಿಗೆ ಅಷ್ಟೇ ಮುಖ್ಯ. ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಕಂಡ ಹಕ್ಕಿ, ದಿನಾಂಕ, ಎಣಿಕೆ, ಅದು ಏನು ಮಾಡುತ್ತಿತ್ತು ಎಂದು ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಹಕ್ಕಿ ತಲೆಯೆತ್ತಿ ನಿಮ್ಮನ್ನು ನೋಡಿತೆಂದರೆ ನೀವು ಆಗಲೇ ಹತ್ತಿರವಾದಿರಿ ಎಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿಯಿರಿ. ಗೂಡಿನ ಹತ್ತಿರ ಹೋಗಲೇಬೇಡಿ. ತಿಂದುಳಿದದ್ದನ್ನು ಕೆರೆಯ ದಂಡೆಯಲ್ಲಿ ಎಸೆಯಬೇಡಿ.

ನಮ್ಮಪ್ಪ ಡಬ್ಬಿ ಬಾರಿಸಿ ಹೆಬ್ಬಾತುಗಳನ್ನು ಓಡಿಸುತ್ತಿದ್ದರು ಎಂದೆನಲ್ಲ, ಅವರು ಕೊನೆಯ ಎರಡು ಸಾಲು ಕಡಲೆಯನ್ನು ಮಾತ್ರ ಕಾಯುತ್ತಿರಲಿಲ್ಲ. “ಅಷ್ಟು ದೂರದಿಂದ ಬಂದಾವು, ತಿನ್ನಲಿ ಬಿಡು” ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ತಿಳಿದಿದ್ದ ಈ ಮಾತು ನನಗೆ ತಿಳಿಯಲು 4,500 ಮೀಟರ್ ಹತ್ತಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.