ನೆಲದಡಿಯ ಮಡಕೆಗಳು: ಆದಿ ಕೃಷಿಕರ ದಫನ ಪದ್ಧತಿ
(ಉಪನ್ಯಾಸದ ಬರಹರೂಪ)



ಬರವಣಿಗೆಯೇ ಇಲ್ಲದ ಕಾಲದ ಜನರನ್ನು ನಾವು ಅರಿಯುವುದು ಹೇಗೆ? ಅವರು ಬಾಳಿದ ಮನೆಗಳ ನೆಲದಿಂದ ಮತ್ತು ತಮ್ಮವರನ್ನು ಮಣ್ಣು ಮಾಡಿದ ರೀತಿಯಿಂದ. ಅಂಥ ಒಂದು ಊರಿನ ವಿಷಯವನ್ನು ತಮ್ಮ ಮುಂದಿಡುತ್ತೇನೆ.

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಘೋಡ್ ನದಿಯ ದಡದಲ್ಲಿ ಇನಾಮ್‌ಗಾಂವ್ ಇದೆ. ಸುಮಾರು ಕ್ರಿ.ಪೂ. 1600ರಿಂದ 700ರವರೆಗೆ ಅಲ್ಲಿ ಬಾರ್ಲಿ ಬೆಳೆದು, ದನ ಸಾಕಿ ಬದುಕಿದ ರೈತರಿದ್ದರು. ಪುಣೆಯ ಡೆಕ್ಕನ್ ಕಾಲೇಜು 1968ರಿಂದ 1983ರವರೆಗೆ ಅಲ್ಲಿ ಉತ್ಖನನ ನಡೆಸಿತು. ಎಂ.ಕೆ. ಧವಳೀಕರ್, ಎಚ್.ಡಿ. ಸಾಂಕಲಿಯಾ ಮತ್ತು ಝಡ್.ಡಿ. ಅನ್ಸಾರಿಯವರು ಸಿದ್ಧಪಡಿಸಿದ ವರದಿ 1988ರಲ್ಲಿ ಪ್ರಕಟವಾಯಿತು.

ಅಲ್ಲಿ ಸಿಕ್ಕ ಗೋರಿಗಳಲ್ಲಿ ಹೆಚ್ಚಿನವು ಎಳೆಯ ಮಕ್ಕಳವು. ಎರಡು ಮಡಕೆಗಳ ಬಾಯಿಗೆ ಬಾಯಿ ಕೂಡಿಸಿ, ಒಳಗೆ ಮಗುವನ್ನಿರಿಸಿ, ಮನೆಯ ನೆಲದಲ್ಲೇ ಹೂಳುತ್ತಿದ್ದರು. ಶಿಶುಮರಣ ಎಷ್ಟು ಸಾಮಾನ್ಯವಾಗಿತ್ತೆಂಬುದನ್ನು ಇದು ತಿಳಿಸುತ್ತದೆ. ತೀರಿಕೊಂಡ ಮಗುವನ್ನೂ ಅವರು ಮನೆಯಿಂದ ದೂರ ಮಾಡಲಿಲ್ಲ.

ದೊಡ್ಡವರನ್ನು ಸಾಮಾನ್ಯವಾಗಿ ತಲೆ ಉತ್ತರಕ್ಕೆ ಮಾಡಿ ನೀಳವಾಗಿ ಮಲಗಿಸುತ್ತಿದ್ದರು. ಬದಿಯಲ್ಲಿ ಮಡಕೆಗಳನ್ನಿಡುತ್ತಿದ್ದರು. ಅನೇಕರ ಪಾದಗಳನ್ನು ಕತ್ತರಿಸಲಾಗಿತ್ತು. ಸತ್ತವರು ಎದ್ದು ಹೋಗದಿರಲೆಂದು ಹೀಗೆ ಮಾಡಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಐದು ಕೋಣೆಗಳ ದೊಡ್ಡ ಮನೆಯೊಂದರ ಅಂಗಳದಲ್ಲಿ ಮಾತ್ರ ಒಬ್ಬ ವ್ಯಕ್ತಿಯನ್ನು ನಾಲ್ಕು ಕಾಲುಗಳ ಮಣ್ಣಿನ ವಾಡೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಲಾಗಿತ್ತು. ಆತನ ಪಾದಗಳು ಹಾಗೆಯೇ ಇದ್ದವು. ಆತ ಊರಿನ ಮುಖ್ಯಸ್ಥನಾಗಿರಬಹುದು ಎನ್ನುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಪಾದ ಕತ್ತರಿಸಿದ್ದು ಕಣ್ಣಿಗೆ ಕಾಣುವ ಸಾಕ್ಷ್ಯ. ಅದರ ಕಾರಣ ನಮ್ಮ ಊಹೆ. ಗೋರಿಯು ಏನು ಮಾಡಿದರೆಂದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಈ ಎರಡನ್ನೂ ಬೆರೆಸದಿರುವುದೇ ಇತಿಹಾಸದ ಮೊದಲ ಪಾಠ.

ನಮ್ಮ ಕರ್ನಾಟಕದಲ್ಲೂ ಮಕ್ಕಳನ್ನು ಮಡಕೆಯಲ್ಲಿ ಹೂಳುತ್ತಿದ್ದ ನವಶಿಲಾಯುಗದ ನೆಲೆಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರೂ ಉತ್ಖನನ ನಡೆಸಿದರು.

ನಿಧಿಯಾಸೆಗೆ, ಕಲ್ಲುಗಣಿಗೆ, ಮಣ್ಣು ತೆಗೆಯಲು ಇಂಥ ನೆಲೆಗಳನ್ನು ಅಗೆದರೆ ಆ ಸಾಕ್ಷ್ಯವೇ ಅಳಿಯುತ್ತದೆ. ಇದ್ದ ಜಾಗದಿಂದ ಕಿತ್ತ ಮಡಕೆ ಬರೀ ಮಡಕೆ; ಯಾರ ಮನೆಯದು, ಯಾರ ಮಗುವಿನದು ಎಂದು ಅದು ಹೇಳಲಾರದು. ಆದ್ದರಿಂದ ಹೊಲ ಉಳುವಾಗಲೋ, ಪಾಯ ತೋಡುವಾಗಲೋ ಹಳೆಯ ಮಡಕೆ, ಮೂಳೆ ಕಂಡರೆ ಮುಟ್ಟದೆ ಪುರಾತತ್ವ ಇಲಾಖೆಗೆ ತಿಳಿಸಿ. ಹೆಸರಿಲ್ಲದೆ ಮಲಗಿರುವ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದು.