ನಾಲ್ಕೂ ಈಜು ಕಲಿಯಿರಿ

1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಪಯ್ಯೋಳಿಯ ಪಿ.ಟಿ. ಉಷಾ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದರು. ಕಾಸರಗೋಡಿನಿಂದ ಕೋಝಿಕ್ಕೋಡಿಗೆ ರೈಲು ಹತ್ತಿದವರಿಗೆ ಪಯ್ಯೋಳಿ ದಾರಿಯಲ್ಲೇ ಸಿಗುವ ಊರು. ಒಂದೇ ಕೂಟದಲ್ಲಿ ಐದು ಪದಕ ಎಂಬ ಆ ಲೆಕ್ಕವನ್ನು 28 ವರ್ಷಗಳ ಬಳಿಕ ದಾಟಿದವರು ಓಟಗಾರರಲ್ಲ, ಈಜುಗಾರ. ಜಾಗ ಮತ್ತೆ ದಕ್ಷಿಣ ಕೊರಿಯಾವೇ. 2014ರ ಅಕ್ಟೋಬರಿನಲ್ಲಿ ಇಂಚಾನ್‌ನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಬೆಂಗಳೂರಿನ ಶರತ್ ಗಾಯಕವಾಡ್ ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕ ಕೊರಳಿಗೆ ಹಾಕಿಕೊಂಡರು.

ಹುಡುಗರೇ, ಹುಡುಗಿಯರೇ, ಆರು ಎಂಬ ಸಂಖ್ಯೆ ಒತ್ತಟ್ಟಿಗಿರಲಿ. ಆ ಆರು ಪದಕ ಎಲ್ಲೆಲ್ಲಿಂದ ಬಂದವು ನೋಡಿ. 100 ಮೀಟರ್ ಬಟರ್‌ಫ್ಲೈ, 100 ಮೀಟರ್ ಬ್ಯಾಕ್‌ಸ್ಟ್ರೋಕ್, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್, 50 ಮೀಟರ್ ಫ್ರೀಸ್ಟೈಲ್, ಮೆಡ್ಲೆ ರಿಲೇ. ಇಷ್ಟೂ ಕಂಚು. ಬೆಳ್ಳಿ ಬಂದದ್ದು 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ, ಅಂದರೆ ನಾಲ್ಕೂ ಈಜನ್ನು ಐವತ್ತೈವತ್ತು ಮೀಟರ್‌ನಂತೆ ಒಬ್ಬರೇ ಈಜಬೇಕಾದ ಸ್ಪರ್ಧೆಯಲ್ಲಿ. ಒಂದೊಂದರಲ್ಲೂ ಮೂರನೆಯವರಾದವರು ನಾಲ್ಕನ್ನೂ ಕೂಡಿಸಿದಲ್ಲಿ ಎರಡನೆಯವರಾದರು. ನನಗೆ ಈ ಬೆಳ್ಳಿಯ ಮೇಲೆ ಚಿನ್ನಕ್ಕಿಂತ ಹೆಚ್ಚು ಮೋಹ.

ಶರತ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಈಜು ಕಲಿಸುತ್ತಿದ್ದರು, ಹಾಗಾಗಿ ಅವರೂ ಕೊಳಕ್ಕಿಳಿದರು. ಮುಂದೆ ಅವರನ್ನು ಬೆಳೆಸಿದವರು ಕೋಚ್ ಜಾನ್ ಕ್ರಿಸ್ಟೋಫರ್. ಒಂದು ಕೈ ಪೂರ್ತಿ ಬೆಳೆದಿಲ್ಲ ಎಂಬುದಕ್ಕೆ ನೀರಿನಲ್ಲಿ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಬಲಗೈ ಹೆಚ್ಚು ನೀರು ಹಿಂದಕ್ಕೆ ತಳ್ಳಿದರೆ ಮೈ ಎಡಕ್ಕೆ ತಿರುಗುತ್ತದೆ. ನೇರ ಹೋಗಬೇಕಾದರೆ ಕಾಲು, ಸೊಂಟ, ಭುಜ ಎಲ್ಲವೂ ಪ್ರತಿ ಸಲ ಅದನ್ನು ಸರಿಪಡಿಸುತ್ತಲೇ ಇರಬೇಕು. ಬ್ಯಾಕ್‌ಸ್ಟ್ರೋಕ್‌ನಲ್ಲಂತೂ ಮುಂದಿನ ಗೋಡೆಯೇ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಇರುವಾಗ ತಲೆಯ ಮೇಲೆ ಕಟ್ಟಿದ ಬಾವುಟಗಳು ಕಾಣುತ್ತವೆ, ಅಲ್ಲಿಂದ ಕೈ ಬೀಸು ಎಣಿಸಿಕೊಂಡು ಮುಟ್ಟಬೇಕು. ಬಟರ್‌ಫ್ಲೈನಲ್ಲಿ ಎರಡೂ ತೋಳು ಒಟ್ಟಿಗೆ ನೀರಿನ ಮೇಲೆ ಬರಬೇಕು, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಹರಡಬೇಕು. ಫ್ರೀಸ್ಟೈಲ್‌ನಲ್ಲಿ ಕಲಿತ ಉಪಾಯ ಇಲ್ಲಿ ನಡೆಯುವುದಿಲ್ಲ. ಒಂದು ಈಜನ್ನು ಆರಿಸಿಕೊಂಡು ಅದರಲ್ಲೇ ನೆಲೆಯಾಗಲು ಶರತ್ ಅವರಿಗೆ ಎಲ್ಲರಿಗಿಂತ ದೊಡ್ಡ ನೆಪವಿತ್ತು. ಅವರು ನಾಲ್ಕು ಸಲ ಮೊದಲಿಂದ ಕಲಿತರು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು, 2015ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ನಿಮಗೇನು ನೆಪ?

ನೀರಿಲ್ಲ ಎನ್ನಬೇಡಿ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯವು. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಕಟ್ಟಿದಾಗ ಹಿಂದೆ ನಿಲ್ಲುವ ನೀರಿನಲ್ಲಿ ಬಿದ್ದು ಎದ್ದು ಈಜು ಕಲಿತವರು ಮನೆಗೊಬ್ಬರಿದ್ದಾರೆ. (ಅನಂತಪುರದ ಕೆರೆಯನ್ನು ಮಾತ್ರ ಬಿಟ್ಟುಬಿಡಿ, ಅದು ಮೊಸಳೆಯ ಪಾಲು.) ಆದರೆ ಕಟ್ಟದ ನೀರು ಕಲಿಸುವುದು ಒಂದೇ ಈಜು: ತಲೆ ಮೇಲೆತ್ತಿ, ಕೈ ಬಡಿದು, ಆ ದಡ ಸೇರುವುದು. ಧೈರ್ಯ ಬರುತ್ತದೆ, ದಮ್ಮೂ ಬರುತ್ತದೆ. ಅಲ್ಲಿಗೇ ‘ನನಗೆ ಈಜು ಬರುತ್ತದೆ’ ಎಂದು ನಾವು ನಿಲ್ಲಿಸಿಬಿಡುತ್ತೇವೆ. ಇನ್ನೂ ಮೂರು ಬಾಕಿ ಇವೆ ಎಂಬ ಕಲ್ಪನೆಯೇ ಇರುವುದಿಲ್ಲ.

ಬರದೇ ಇದ್ದದ್ದನ್ನು ಕಲಿಯುವುದು ನಿಮಗೆ ಹೊಸತೂ ಅಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳ, ಪಕ್ಕದ ಮನೆಯವರೊಂದಿಗೆ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ಉಪ್ಪಳದಲ್ಲಿ ಬಸ್ಸು ಹತ್ತಿದ ಹುಡುಗಿ ಕಾಸರಗೋಡಿನಲ್ಲಿ ಇಳಿಯುವುದರೊಳಗೆ ಮೂರು ಭಾಷೆ ಬದಲಿಸಿರುತ್ತಾಳೆ, ಅದು ಅವಳ ಗಮನಕ್ಕೂ ಬಂದಿರುವುದಿಲ್ಲ. ವೈಯಕ್ತಿಕ ಮೆಡ್ಲೆ ಅಂದರೆ ನೀರಿನಲ್ಲಿ ಅದೇ ಕೆಲಸ. ಗೋಡೆ ಮುಟ್ಟಿದ ಕೂಡಲೇ ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಮೈಯನ್ನು ಒಗ್ಗಿಸಬೇಕು. ಇಷ್ಟು ಭಾಷೆಗಳ ನಡುವೆ ಬೆಳೆದವರು ‘ನನಗೆ ಇದೊಂದೇ ಸಾಕು’ ಎಂದರೆ ನಾನು ನಂಬುವುದಿಲ್ಲ.

ಶರತ್ ಅವರ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಎತ್ತಲು ಇನ್ನೊಂದು ಕಾರಣವಿದೆ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಎಣ್ಮಕಜೆಯಂಥ ಊರುಗಳಲ್ಲಿ ಏನು ಮಾಡಿತೆಂದು ನಿಮಗೆ ಹೇಳಬೇಕಾಗಿಲ್ಲ. ಹಾಸಿಗೆ ಬಿಟ್ಟೇಳಲಾಗದ ಮಗುವಿನ ಮುಂದೆ ಪದಕದ ಕಥೆ ಹೇಳಿ ಹುರಿದುಂಬಿಸಲು ಹೋಗುವುದು ಕ್ರೌರ್ಯ. ಆ ಮಗುವಿಗೆ ಬೇಕಾದದ್ದು ಚಿಕಿತ್ಸೆ, ಪಿಂಚಣಿ, ನ್ಯಾಯ. ಆದರೆ ಕೈಯೋ ಕಾಲೋ ದುರ್ಬಲವಾಗಿದ್ದು, ನೀರಿಗಿಳಿಯಬಲ್ಲ, ಇಳಿಯಲು ಆಸೆಯಿರುವ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಪ್ಯಾರಾ ಈಜಿನಲ್ಲಿ 14 ವರ್ಗಗಳಿವೆ. ಒಂದರಿಂದ ಹತ್ತು ದೈಹಿಕ ನ್ಯೂನತೆಯವರಿಗೆ, 11ರಿಂದ 13 ದೃಷ್ಟಿದೋಷದವರಿಗೆ, 14 ಬೌದ್ಧಿಕ ಸವಾಲಿರುವವರಿಗೆ. ಶರತ್ ಈಜಿದ್ದು ಎಂಟನೆಯದರಲ್ಲಿ. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದ ಮುರಳೀಕಾಂತ್ ಪೇಟ್ಕರ್ ಕೂಡ ಈಜಿನಲ್ಲೇ ಗೆದ್ದವರು, 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ. ನಿಮ್ಮ ತಮ್ಮನೋ ತಂಗಿಯೋ ಅಂಥವರಾಗಿದ್ದರೆ ನಿಮ್ಮ ಬಟ್ಟೆ ಕಾಯಲು ದಡದಲ್ಲಿ ಕೂರಿಸಬೇಡಿ, ಕಲಿಸುವವರ ಬಳಿಗೆ ಕರೆದುಕೊಂಡು ಹೋಗಿ.

ಹಾಗೆಂದು ಹುರುಪಿನಲ್ಲಿ ಜೂನ್ ತಿಂಗಳ ಚಂದ್ರಗಿರಿ ಹೊಳೆಗೆ ಹಾರಿದರೆ ಅದು ಶೌರ್ಯವಲ್ಲ. ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆಗಳಂತೂ ಬೇಡವೇ ಬೇಡ. ಕಡಿದಾದ ಗೋಡೆ, ಹತ್ತಲು ಹಿಡಿತವಿಲ್ಲ, ಆಳ ಕಾಣುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಒಬ್ಬರೇ ಇಳಿಯಬೇಡಿ. ಮೊದಲು ನೀರಿನ ಮೇಲೆ ಅಂಗಾತ ತೇಲುವುದನ್ನು ಕಲಿಯಿರಿ. ಮುಂದೆ ಬ್ಯಾಕ್‌ಸ್ಟ್ರೋಕ್ ಆಗುವುದೂ ಅದೇ, ಆಪತ್ತಿನಲ್ಲಿ ಉಸಿರು ಉಳಿಸುವುದೂ ಅದೇ.

ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮಂಗಳೂರು ದೂರವಲ್ಲ. ಅಲ್ಲಿ ಮಂಗಳಾ ಈಜುಕೊಳವಿದೆ, ಎಮ್ಮೆಕೆರೆಯಲ್ಲಿ 50 ಮೀಟರಿನ ಕೊಳವಿದೆ. ಊರಿನಲ್ಲೇ ಕೊಳ ಬೇಕೆಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಕನ್ನಡದಲ್ಲೂ ಕೇಳಿ, ಮಲಯಾಳದಲ್ಲೂ ಕೇಳಿ. ಏಪ್ರಿಲ್ ರಜೆಯಲ್ಲಿ ಕೊಳ ಸೇರಿದ ಮೊದಲ ವಾರವೇ ನಿಮಗೆ ತೀರ ಕೆಟ್ಟದಾಗಿ ಬರುವ ಈಜು ಯಾವುದೆಂದು ಕೋಚ್ ಹೇಳಿಬಿಡುತ್ತಾರೆ. ಎರಡನೆಯ ವಾರ ಅದರಿಂದಲೇ ಶುರು ಮಾಡಿ.