ಗಾಯಕ್ಕೊಂದು ಕಾಲ, ದೂರಿಗೊಂದು ಕಾಲ
(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕೇಂದ್ರ ಸರಕಾರದ ಸೇವೆಯಲ್ಲಿ 'ಅವಧಿ ಮೀರಿದೆ' ಎಂಬ ಷರಾ ಬರೆದು ನಾನು ಹಿಂದಿರುಗಿಸಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಆ ಎರಡು ಪದಗಳ ಭಾರ ನನಗೆ ತಿಳಿದದ್ದು ನನ್ನ ಅಕ್ಕನಿಗೆ ವಕೀಲರು ಅದೇ ಉತ್ತರ ಕೊಟ್ಟಾಗ. ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರ ಆಕೆಯ ನೋವು ನಿಲ್ಲಲಿಲ್ಲ. "ವೈದ್ಯರನ್ನು ಶಂಕಿಸಬಾರದು, ಸ್ವಲ್ಪ ತಾಳು" ಎಂದವನು ನಾನೇ. ಮೂತ್ರನಾಳಕ್ಕೆ ಪೆಟ್ಟಾಗಿದೆಯೆಂದು ಬೇರೊಬ್ಬ ವೈದ್ಯರು ಹೇಳುವ ಹೊತ್ತಿಗೆ ವರ್ಷಗಳು ಉರುಳಿದ್ದವು. ಅದು ನಿರ್ಲಕ್ಷ್ಯವೋ, ಶಸ್ತ್ರಚಿಕಿತ್ಸೆಯ ಸಹಜ ಅಪಾಯವೋ ಎಂಬ ಪ್ರಶ್ನೆ ವಿಚಾರಣೆಗೇ ಬರಲಿಲ್ಲ.

ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಅದಕ್ಕೂ ಮೊದಲೇ, 1993ರ ತಿದ್ದುಪಡಿ ದೂರಿಗೆ ಎರಡು ವರ್ಷಗಳ ಗಡುವು ವಿಧಿಸಿತ್ತು. 2019ರ ಅಧಿನಿಯಮದ 69ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ತಕ್ಕ ಕಾರಣ ತೋರಿಸಿದರೆ ಆಯೋಗ ವಿಳಂಬವನ್ನು ಮನ್ನಿಸಬಹುದು.

ಆದರೆ ಗಡಿಯಾರ ಓಡತೊಡಗುವುದು ಎಂದಿನಿಂದ? ಮುಂಬಯಿಯ ಒಂದು ಪ್ರಕರಣ ಕೇಳಿ. 1993ರಲ್ಲಿ ದಾದಿಯೊಬ್ಬರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. 2002ರ ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಗಾಜ್ ಬಟ್ಟೆ ಸಿಕ್ಕಿತೆಂದು ಅವರು 2004ರಲ್ಲಿ ದೂರಿತ್ತರು. ಹಾನಿ ಗುಪ್ತವಾಗಿದ್ದರೆ ಅದು ತಿಳಿದ, ಇಲ್ಲವೇ ತಿಳಿಯಬಹುದಾಗಿದ್ದ ದಿನದಿಂದ ಕಾಲ ಎಣಿಸಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಎತ್ತಿಹಿಡಿಯಿತು. ಆದರೂ ದೂರು ವಜಾ ಆಯಿತು. ನೋವು ಬಿಡದಿದ್ದಾಗ, ಸ್ವತಃ ದಾದಿಯಾದ ಅವರು ಒಂಬತ್ತು ವರ್ಷ ಆ ವೈದ್ಯರನ್ನು ಏಕೆ ವಿಚಾರಿಸಲಿಲ್ಲ ಎಂಬುದೇ ಅಡ್ಡಬಂತು.

ಗಡುವು ಬೇಡವೆಂದು ನಾನು ಹೇಳಲಾರೆ. ದಶಕಗಳಾಚೆಯ ಆರೋಪಕ್ಕೆ ವೈದ್ಯನಾದರೂ ಹೇಗೆ ಉತ್ತರಿಸಿಯಾನು? ಆದರೆ ಇನ್ನೊಂದು ತೊಡಕಿದೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟರೆ ಸಾಕು. ಅಂದರೆ ನಾಲ್ಕನೆಯ ವರ್ಷ ಹಾನಿ ಬೆಳಕಿಗೆ ಬಂದರೆ ದೂರಿಗೆ ಅವಕಾಶ ಉಳಿದೀತು, ಪುರಾವೆ ಉಳಿಯದೆ ಹೋದೀತು. ಅಕ್ಕನಿಗಾದದ್ದೂ ಇದೇ. ಆಸ್ಪತ್ರೆಯಲ್ಲಿ ಕಾಗದಗಳೇ ಇರಲಿಲ್ಲ.

ಅದೇ ನಿಯಮಗಳು ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆನ್ನುತ್ತವೆ. ಆದ್ದರಿಂದ ಮನೆಗೆ ಬಂದ ವಾರದಲ್ಲೇ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಇದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಪರಭಾಷೆಯ ಊರಿನಲ್ಲಿ ಆ ಅರ್ಜಿ ಬರೆಯಲು ತಿಳಿಯದವರಿಗೆ ನಮ್ಮ ಸಂಘ ಒಂದು ಮೇಜು, ಒಂದು ಲೇಖನಿ ಒದಗಿಸಲಿ. ಬರೆದುಕೊಡಲು ನಾನು ಸಿದ್ಧ. ಅಕ್ಕನಿಗೆ ಬರೆದುಕೊಡದೆ ಹೋದದ್ದನ್ನು ಇನ್ನೊಬ್ಬರಿಗಾದರೂ ಬರೆಯುತ್ತೇನೆ.